ಹಜಾರರಾಮ ದೇವಾಲಯದ ಉಬ್ಬುಶಿಲ್ಪಗಳು

ಹಂಪಿಯ ಅರಮನೆ ಆವರಣದ ನಡುವಿರುವ ಹಜಾರರಾಮ ಗುಡಿಯ ಗೋಡೆ, ಪ್ರಾಕಾರ ಮತ್ತು ಕಂಬಗಳ ಮೇಲಿನ ಶಿಲ್ಪಸಾಲುಗಳು. ಒಂದನೆಯ ದೇವರಾಯನ (ಆಳ್ವಿಕೆ 1406–1422) ಕಾಲದಲ್ಲಿ ರಾಮಚಂದ್ರನಿಗಾಗಿ ಕಟ್ಟಿದ ಗುಡಿ ಇದು. ‘ಸಾವಿರ ರಾಮ’ ಎಂಬ ಅರ್ಥ ಜನಜನಿತವಾದರೂ, ಅರಮನೆಯ ಹಜಾರದ ಬಳಿಯ ರಾಮನ ಗುಡಿ ಎಂಬ ವಿವರಣೆಯೇ ಹೆಚ್ಚು ಒಪ್ಪುವಂಥದು.

ಪ್ರಾಕಾರದ ಹೊರಮೈ ತುಂಬ ಮೆರವಣಿಗೆ. ಕೆಳಗೆ ಆನೆಗಳ ಸಾಲು, ಅದರ ಮೇಲೆ ಕುದುರೆಗಳು, ಆಮೇಲೆ ಕಾಲಾಳು, ಇನ್ನೂ ಮೇಲೆ ನರ್ತಕಿಯರು, ವಾದ್ಯದವರು. ವಿಜಯನಗರದ ಮಹಾನವಮಿಯನ್ನು 1520ರ ಸುಮಾರಿಗೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದ ವೈಭವ ಈ ಗೋಡೆಯಲ್ಲಿ ಅದಕ್ಕೂ ನೂರು ವರ್ಷ ಮೊದಲೇ ನಡೆದುಹೋಗುತ್ತಿದೆ.

ಬಾಗಿಲು ದಾಟಿದರೆ ಅರಸನ ವೈಭವ ಹಿಂದೆ ಉಳಿದು ರಾಮಕಥೆ ತೊಡಗುತ್ತದೆ. ಗುಡಿಯ ಹೊರಗೋಡೆಯಲ್ಲಿ ಮೂರು ಸಾಲುಗಳಲ್ಲಿ 108 ಫಲಕಗಳಿವೆ. ನಿಂತಲ್ಲೇ ನಿಂತರೆ ಕಥೆ ಮುಂದುವರಿಯದು, ಬಲಕ್ಕೆ ಸುತ್ತಬೇಕು. ಪ್ರದಕ್ಷಿಣೆಯೇ ಇಲ್ಲಿ ಓದು. ಒಂದು ಫಲಕದಲ್ಲಿ ಶ್ರವಣಕುಮಾರ ಕುರುಡ ತಂದೆತಾಯಿಯರನ್ನು ಕಾವಡಿಯಲ್ಲಿ ಹೊತ್ತಿದ್ದಾನೆ. ಇನ್ನೊಂದರಲ್ಲಿ ರಾಮ ಬಿಲ್ಲು ಬಾಗಿಸಿ ಏಳು ಸಾಲವೃಕ್ಷಗಳಿಗೆ ಗುರಿಯಿಟ್ಟಿದ್ದಾನೆ. ಗೇಣುದ್ದದ ಆಳ ಬೇಡುವ ಕಾಡನ್ನು ಶಿಲ್ಪಿ ಬೆರಳಗಲದ ಉಬ್ಬಿನಲ್ಲಿ ತಂದಿದ್ದಾನೆ. ಲವಕುಶರ ಕಥೆಗೆ ಬೇರೆಯೇ ಜಾಗ ಸಿಕ್ಕಿದೆ.

ಈ ತೆಳು ಉಬ್ಬಿಗೆ ಕಾರಣ ಕಲ್ಲು. ಹೊಯ್ಸಳರು ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುವುದರಿಂದ ಹಳೇಬೀಡಿನಲ್ಲಿ ಉಳಿ ಆಳಕ್ಕೆ ಇಳಿಯಿತು. ಹಂಪಿಯ ಗ್ರಾನೈಟ್ ಅದಕ್ಕೆ ಒಗ್ಗದು. ಹಾಗಾಗಿ ಒಡವೆಯ ಕುಸುರಿಗಿಂತ ಮೈಯ ಬಾಗು, ಕಾಲಿನ ಹೆಜ್ಜೆ ಇಲ್ಲಿ ಮುಖ್ಯ. ಬೆಳಗಿನ ಓರೆ ಬಿಸಿಲಲ್ಲಿ ನೋಡಬೇಕು. ನೆತ್ತಿಯ ಸೂರ್ಯ ಅರ್ಧ ಚಿತ್ರವನ್ನು ಅಳಿಸಿಬಿಡುತ್ತಾನೆ. ಕುಸುರಿಯ ಆಸೆಯೆಲ್ಲ ರಂಗಮಂಟಪದ ನಾಲ್ಕು ಕರಿಕಲ್ಲ ಕಂಬಗಳಲ್ಲಿ ತೀರಿದೆ. ಕನ್ನಡಿಯಂತೆ ನಯವಾಗಿಸಿದ ಆ ಕಂಬಗಳ ಮೇಲೆ ವಿಷ್ಣುವಿನ ಅವತಾರಗಳಿವೆ. ಗರ್ಭಗುಡಿ ಮಾತ್ರ ಬರಿದು. ಪೀಠದಲ್ಲಿ ಮೂರು ಕುಳಿಗಳು ಉಳಿದಿವೆ.

ಕಟ್ಟಡದ ಹೊರಗೋಡೆಗೇ ಪುರಾಣ ಹೇಳಿಸುವ ಬಗೆ ಬೇರೆ ನಾಡುಗಳಲ್ಲೂ ಇದೆ. ಇಂದಿನ ಟರ್ಕಿಯ ವಾನ್ ಸರೋವರದ ದ್ವೀಪವೊಂದರಲ್ಲಿ ಅರ್ಮೇನಿಯದ ದೊರೆ ಗಾಗಿಕ್ 915–921ರಲ್ಲಿ ಕಟ್ಟಿಸಿದ ಅಖ್ತಮಾರ್ ಕೆಥೆಡ್ರಲ್ ಇದಕ್ಕೆ ಹತ್ತಿರದ ಸಾಟಿ. ಪೂರ್ವದ ಆರ್ಥೊಡಾಕ್ಸ್ ಸಂಪ್ರದಾಯಗಳು ಪೂಜೆಗೆ ದುಂಡುಶಿಲ್ಪವನ್ನು ಸಾಮಾನ್ಯವಾಗಿ ಒಲ್ಲವು, ಉಬ್ಬುಶಿಲ್ಪಕ್ಕೆ ಅಡ್ಡಿಯಿಲ್ಲ. ಯೋನನನ್ನು ನುಂಗುವ ಜಲಚರ, ಗೋಲಿಯಾತನ ಎದುರು ನಿಂತ ದಾವೀದ ಆ ಗೋಡೆಯಲ್ಲಿದ್ದಾರೆ. ಗಾಗಿಕ್ ಚರ್ಚಿನ ಪುಟ್ಟ ಮಾದರಿಯನ್ನು ಕ್ರಿಸ್ತನಿಗೆ ಒಪ್ಪಿಸುತ್ತಾನೆ. ಅಲ್ಲಿ ದೊರೆ ದೇವರೊಂದಿಗೆ ಒಂದೇ ಗೋಡೆಯಲ್ಲಿ ನಿಂತರೆ, ಹಂಪಿಯಲ್ಲಿ ದೊರೆಯ ಮೆರವಣಿಗೆ ಪ್ರಾಕಾರದ ಹೊರಮೈಯಲ್ಲೇ ನಿಲ್ಲುತ್ತದೆ.

ಗುಡಿಯ ಸುತ್ತಣ ನೆಲವೂ ಕಥೆಯ ಭಾಗವೇ. ನೇರ ಉತ್ತರಕ್ಕೆ ಮತಂಗ ಬೆಟ್ಟ; ಈಶಾನ್ಯಕ್ಕೆ, ಕಂಪ್ಲಿ ದಾರಿಯಲ್ಲಿ, ರಾಮ ಮಳೆಗಾಲ ಕಳೆದನೆಂದು ನಂಬುವ ಮಾಲ್ಯವಂತ.