ಡಬ್ಬಿಯ ಬೆನ್ನಿನ ಮೇಲಿನ ಅಂಕಿಗಳು



ಅಂಗಡಿಯಿಂದ ತಂದ ಆಹಾರದ ಡಬ್ಬಿಯನ್ನು ತಲೆಕೆಳಗಾಗಿಸಿದರೆ ತಗಡಿನ ಮೇಲೆ ಅರ್ಥವಾಗದ ಕೆಲವು ಅಕ್ಷರಗಳೂ ಅಂಕಿಗಳೂ ಕಾಣುತ್ತವೆ. ಬೆಲೆಯನ್ನೂ ಕೊನೆಯ ದಿನಾಂಕವನ್ನೂ ತಪ್ಪದೆ ಓದುವ ನಾವು ಈ ಸಾಲನ್ನು ಓದುವುದಿಲ್ಲ. ಆದರೆ ಈ ಸಾಲಿಗೊಂದು ಚರಿತ್ರೆಯಿದೆ. ಅದು ಸಾವುಗಳಿಂದ ಬರೆದ ಚರಿತ್ರೆ.

1919ರಲ್ಲಿ ಒಹಾಯೊ ರಾಜ್ಯದ ಕ್ಯಾಂಟನ್‌ನಲ್ಲಿ, ಕ್ಯಾಲಿಫೋರ್ನಿಯಾದಿಂದ ಬಂದ ಮಾಗಿದ ಆಲಿವ್ ಕಾಯಿಗಳನ್ನು ಔತಣದಲ್ಲಿ ತಿಂದ ಕೆಲವರು ಮೃತರಾದರು. ಕಾರಣ ಬಾಟುಲಿಸಮ್. ಇದರ ರೋಗಾಣುವಿನ ಬೀಜಕಗಳು ಸಾಧಾರಣ ಕುದಿತಕ್ಕೆ ಸಾಯುವುದಿಲ್ಲ. ಗಾಳಿಯಿಲ್ಲದ ಡಬ್ಬಿಯೊಳಗೆ ಮೊಳೆತು ವಿಷವನ್ನು ಸ್ರವಿಸುತ್ತವೆ. 1922ರಲ್ಲಿ ಎಸ್ಟಿ ಮತ್ತು ಮೇಯರ್ ಎಂಬ ವಿಜ್ಞಾನಿಗಳು ಈ ಬೀಜಕಗಳನ್ನು ನಾಶಪಡಿಸಲು ಬೇಕಾದ ಶಾಖವನ್ನು ಅಳೆದು ತೋರಿಸಿದರು. 1925ರಲ್ಲಿ ಕ್ಯಾಲಿಫೋರ್ನಿಯಾ ಡಬ್ಬಿ ಕಾರ್ಖಾನೆಗಳ ತಪಾಸಣೆಗೆ ಕಾನೂನು ಮಾಡಿತು.

ಅನಂತರದ ದಶಕಗಳಲ್ಲಿ ಡಬ್ಬಿಯ ಆಹಾರ ಸುರಕ್ಷಿತವೆಂಬ ನಂಬಿಕೆ ಬೇರೂರಿತು. 1971ರ ಬೇಸಗೆಯಲ್ಲಿ ಆ ನಂಬಿಕೆಗೆ ಪೆಟ್ಟುಬಿತ್ತು. ನ್ಯೂಯಾರ್ಕ್ ರಾಜ್ಯದ ಬೆಡ್‌ಫರ್ಡ್‌ನಲ್ಲಿ ದಂಪತಿಗಳಿಬ್ಬರು ಬಾನ್ ವಿವಾಂ ಕಂಪನಿಯ ಆಲೂಗಡ್ಡೆ ಸೂಪನ್ನು ಸೇವಿಸಿದರು. ಅದು ತಣ್ಣಗೆ ಕುಡಿಯುವ ಸೂಪು. ಕುದಿಸಿದ್ದರೆ ವಿಷ ನಾಶವಾಗುತ್ತಿತ್ತು. ಪತಿ ತೀರಿಕೊಂಡರು, ಪತ್ನಿ ಪಾರ್ಶ್ವವಾಯುವಿನಂತಹ ಸ್ಥಿತಿಗೆ ಬಂದು ಬದುಕುಳಿದರು. ಈ ರೋಗದಲ್ಲಿ ಕಣ್ಣು, ನಾಲಿಗೆ, ಉಸಿರಾಟದ ಸ್ನಾಯುಗಳು ಮೇಲಿನಿಂದ ಕೆಳಗೆ ಒಂದೊಂದಾಗಿ ಸೋಲುತ್ತವೆ. ಬುದ್ಧಿ ಮಾತ್ರ ಎಚ್ಚರವಾಗಿಯೇ ಇರುತ್ತದೆ. ಪ್ರತಿವಿಷವು ರಕ್ತದಲ್ಲಿ ಉಳಿದಿರುವ ವಿಷವನ್ನು ತಡೆಯಬಲ್ಲದು; ಆಗಲೇ ಆಗಿಹೋದ ಹಾನಿಯನ್ನು ಅಳಿಸಲಾರದು. ಆದ್ದರಿಂದಲೇ ಇನ್ನೊಬ್ಬರು ಅದೇ ಡಬ್ಬಿಯನ್ನು ತೆರೆಯದಂತೆ ತಡೆಯುವುದು ಚಿಕಿತ್ಸೆಯಷ್ಟೇ ಮುಖ್ಯ.

ಇಲ್ಲಿ ನೆರವಿಗೆ ಬಂದದ್ದು ಡಬ್ಬಿಯ ಮೇಲಿನ ಸಂಕೇತ. ಒಂದೇ ಬಾರಿಗೆ ತಯಾರಾದ ಆ ತಂಡದ ಡಬ್ಬಿಗಳು 6,444 ಎಂದು ಗೊತ್ತಾಗಿ, ಅವನ್ನು ಹಿಂದಕ್ಕೆ ಕರೆಯುವ ಕೆಲಸ ಜುಲೈ 2ರಂದು ಆರಂಭವಾಯಿತು. ಪರೀಕ್ಷಿಸಿದ ಮೊದಲ 324 ಡಬ್ಬಿಗಳಲ್ಲಿ ಐದರಲ್ಲಿ ವಿಷ ಸಿಕ್ಕಿತು. ಐದೂ ಅದೇ ತಂಡದವು. ಆದರೆ ಕಾರ್ಖಾನೆಯ ತಯಾರಿಕಾ ಕ್ರಮವೇ ಸಂಶಯಾಸ್ಪದವಾಗಿದ್ದುದರಿಂದ ಸರಕಾರ ಕಂಪನಿಯ ಎಲ್ಲ ಪದಾರ್ಥಗಳನ್ನೂ ಹಿಂದಕ್ಕೆ ತರಿಸಿತು. ತಿಂಗಳೊಳಗೆ ಕಂಪನಿ ದಿವಾಳಿಯಾಯಿತು. ಸಂಕೇತದ ಹಿಂದೆ ನಂಬಲರ್ಹವಾದ ದಾಖಲೆಯಿಲ್ಲದಿದ್ದರೆ ಅಂಕಿಗಳು ಬರಿಯ ಅಲಂಕಾರ ಎಂಬುದೇ ಇದರ ಪಾಠ.

1973ರಲ್ಲಿ ಬಂದ ಅಮೆರಿಕದ ಒಕ್ಕೂಟ ನಿಯಮಗಳು ಈ ಪಾಠವನ್ನು ಕಾನೂನಾಗಿಸಿದವು. ಹುಳಿ ಕಡಿಮೆಯಿರುವ ಆಹಾರದ ಪ್ರತಿ ಡಬ್ಬಿಯ ಮೇಲೂ ತಯಾರಾದ ಕಾರ್ಖಾನೆ, ಪದಾರ್ಥ, ವರ್ಷ, ದಿನ, ದಿನದ ಯಾವ ಅವಧಿ ಎಂಬುದು ಬರಿಗಣ್ಣಿಗೆ ಕಾಣುವಂತೆ ಇರಬೇಕು. ನಾಲ್ಕೈದು ಗಂಟೆಗೊಮ್ಮೆ ಅಥವಾ ಕೆಲಸದ ಪಾಳಿ ಬದಲಾದಾಗ ಸಂಕೇತವನ್ನು ಬದಲಿಸಬಹುದು. ಅವಧಿ ಚಿಕ್ಕದಾದಷ್ಟೂ ಹಿಂದಕ್ಕೆ ಕರೆಯಬೇಕಾದ ಡಬ್ಬಿಗಳು ಕಡಿಮೆ. 1989ರಲ್ಲಿ ಯುರೋಪಿನ ಸಮುದಾಯವೂ ತಂಡದ ಗುರುತನ್ನು ಕಡ್ಡಾಯಗೊಳಿಸಿ, ಅಗತ್ಯವಿದ್ದೆಡೆ ಅದರ ಮುಂದೆ 'ಎಲ್' ಅಕ್ಷರವನ್ನು ಇರಿಸಿತು.

ಹೊರಗಿನ ರಟ್ಟಿನ ಪೆಟ್ಟಿಗೆಯ ಗುರುತು ಉಗ್ರಾಣದವನಿಗೆ, ಒಳಗಿನ ಪೊಟ್ಟಣದ ಗುರುತು ತಿನ್ನುವವನಿಗೆ. ಎರಡೂ ಹೊಂದಿದರೆ ಮಾತ್ರ ಸರಪಳಿ ಪೂರ್ಣ. ಅಂಗಡಿಯಲ್ಲಿ ದೊಡ್ಡ ಮೂಟೆಯ ಬೇಳೆಯನ್ನು ಗುರುತಿಲ್ಲದ ಸಣ್ಣ ಚೀಲಗಳಿಗೆ ತುಂಬಿದಾಗ ಆ ಸರಪಳಿ ತುಂಡಾಗುತ್ತದೆ. ನಮ್ಮ ಅಡಿಗೆಮನೆಯಲ್ಲಿಯೂ ಅಷ್ಟೇ: ಮೆಣಸಿನ ಪುಡಿಯನ್ನು ಸ್ಟೀಲಿನ ಡಬ್ಬಿಗೆ ಸುರಿದು ಪೊಟ್ಟಣವನ್ನು ಕಸಕ್ಕೆ ಹಾಕುತ್ತೇವೆ. ಮುಂದೊಂದು ದಿನ ಹಿಂದಕ್ಕೆ ಕರೆಯುವ ಪ್ರಕಟಣೆ ಬಂದರೆ, ನಮ್ಮ ಡಬ್ಬಿಯಲ್ಲಿರುವುದು ಯಾವ ತಂಡದ್ದೆಂದು ಹೇಳುವ ಉಪಾಯವಿರುವುದಿಲ್ಲ.

ಆದುದರಿಂದ ನಮ್ಮ ಬಿನ್ನಹವೊಂದೇ. ಪೊಟ್ಟಣದ ಸಂಕೇತವಿರುವ ಭಾಗವನ್ನು ಕತ್ತರಿಸಿ ಡಬ್ಬಿಯ ಹೊರಗೆ ಅಂಟಿಸಿರಿ. ಸಂಶಯಾಸ್ಪದ ಆಹಾರದಿಂದ ಯಾರಾದರೂ ಅಸ್ವಸ್ಥರಾದರೆ ಡಬ್ಬಿಯನ್ನು ಎಸೆಯದೆ, ರುಚಿ ನೋಡುವ ಸಾಹಸವನ್ನೂ ಮಾಡದೆ, ಚೀಲದಲ್ಲಿ ಕಟ್ಟಿ ರೋಗಿಯೊಡನೆ ಆಸ್ಪತ್ರೆಗೆ ತನ್ನಿರಿ. ಆ ಹೊತ್ತಿನಲ್ಲಿ ವೈದ್ಯರಾದ ನಾವು ಮೊದಲು ಕೇಳುವುದು ರೋಗಿಯ ಉಸಿರಾಟವನ್ನು. ಎರಡನೆಯದು, ಆ ಅಂಕಿಗಳನ್ನು.