ಹಗೇವಿನಿಂದ ಗೋಣಿಚೀಲಕ್ಕೆ

ನಮ್ಮ ಕಡೆಯ ಸರ್ಕಾರಿ ಕಡತಗಳಲ್ಲಿ ಇಲಿ ದೊಡ್ಡದಾಗಿ ಕಾಣಿಸಿಕೊಳ್ಳುವುದು ಪ್ಲೇಗಿನ ಜೊತೆಗೆ. ಅದಕ್ಕೂ ಮೊದಲು ಅದು ತಲತಲಾಂತರದಿಂದ ರೈತನ ಕಾಳು ತಿನ್ನುತ್ತಲೇ ಇತ್ತು. ಕಂದಾಯದ ಲೆಕ್ಕಕ್ಕೆ ಆ ನಷ್ಟ ಬೇಕಿರಲಿಲ್ಲ, ಅಷ್ಟೆ. ಆ ಹಳೆಯ ಇಲಿಯನ್ನು ಹುಡುಕಬೇಕಾದರೆ ಕಡತ ಬಿಟ್ಟು ಮನೆಯೊಳಗಿನ ಪದಗಳ ಕಡೆ ತಿರುಗಬೇಕು. ಹಗೇವು, ವಾಡೆ, ಗುಡಾಣ, ನೆಲುವು: ಇವೆಲ್ಲ ಕಾಳು, ಹಾಲು, ಬೆಣ್ಣೆ ಇಡುವ ಜಾಗಗಳ ಹೆಸರು. ಇವುಗಳ ಆಕಾರವನ್ನು ಸ್ವಲ್ಪ ಗಮನಿಸಿದರೆ ಇಲಿಯ ನೆರಳು ಕಾಣುತ್ತದೆ. ನೆಲುವಿನ ಹಗ್ಗ ತೊಲೆಯಿಂದ ಇಳಿಬಿದ್ದಿರುವುದೂ, ಗುಡಾಣದ ಬಾಯಿಗೆ ಸಗಣಿ ಮಣ್ಣು ಮೆತ್ತುವುದೂ ಬೆಕ್ಕು ಇಲಿಗಳ ದೆಸೆಯಿಂದಲೇ.

ಇವುಗಳಲ್ಲಿ ಹಗೇವಿನದು ಬೇರೆಯೇ ಬುದ್ಧಿವಂತಿಕೆ. ನೀರು ನಿಲ್ಲದ ಗಟ್ಟಿ ನೆಲವನ್ನು ನೋಡಿ, ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದಾದ ಬಾಯಿ, ಒಳಗೆ ಅಗಲವಾದ ಹೊಟ್ಟೆ ಬರುವಂತೆ ತೋಡುತ್ತಿದ್ದರು. ಸುತ್ತ ಹುಲ್ಲು ಒತ್ತಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮುಚ್ಚಿದರೆ ಮುಗಿಯಿತು. ಒಳಗಿನ ಕಾಳೂ ಜೀವವೇ, ಅದೂ ಉಸಿರಾಡುತ್ತದೆ. ದಿನ ಕಳೆದಂತೆ ಆಮ್ಲಜನಕ ಮುಗಿದು ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳುವಾಗಲಿ ಇಲಿಯಾಗಲಿ ಅಲ್ಲಿ ಬದುಕುವಂತಿಲ್ಲ. ವಿಷವಿಲ್ಲ, ಬೋನಿಲ್ಲ, ಬೆಕ್ಕೂ ಬೇಡ. ಹೀಗೆ ಇಟ್ಟ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಚಳ್ಳಕೆರೆಯಂಥ ಮಳೆ ಕಡಿಮೆಯ ಸೀಮೆಯಲ್ಲಿ ಅದು ಬರಗಾಲಕ್ಕೆ ಇಟ್ಟ ಗಂಟು.

ಆದರೆ ಈ ಜಾಣತನವನ್ನು ಹೊಗಳುವವರು ಇನ್ನೊಂದು ಮಾತನ್ನೂ ಹೇಳಬೇಕು. ಇಲಿಗೆ ಇಲ್ಲದ ಗಾಳಿ ಮನುಷ್ಯನಿಗೂ ಇರುವುದಿಲ್ಲ. ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆಗೆದು ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವುದು ರೂಢಿ. ಅವಸರಪಟ್ಟು ಇಳಿದು ಸತ್ತವರ ಕಥೆಗಳು ಬಯಲುಸೀಮೆಯಲ್ಲಿ ಇವತ್ತಿಗೂ ಇವೆ. ಆ ಕಥೆಗಳಲ್ಲಿ ಮೊದಲು ಇಳಿಯುವವನು ಸಾಮಾನ್ಯವಾಗಿ ಹಗೇವಿನ ಒಡೆಯನಲ್ಲ, ಅವನ ಮನೆಯ ಆಳು. ನಮ್ಮ ‘ಪಾರಂಪರಿಕ ಜ್ಞಾನ’ದ ಬರಹಗಳು ಈ ಆಳನ್ನು ಬಿಟ್ಟುಬಿಡುವುದೇ ಹೆಚ್ಚು.

1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ರೈಲುದಾರಿ ಹಿಡಿದು 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಕಾಲಿಟ್ಟಿತು. ಅದೇ ವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂಡ್ ಎಂಬ ಫ್ರೆಂಚ್ ವೈದ್ಯ ರೋಗ ದಾಟುವುದು ಇಲಿಯ ಮೈಮೇಲಿನ ಚಿಗಟದಿಂದ ಎಂದು ತೋರಿಸಿಕೊಟ್ಟ. ವಿದ್ವಾಂಸರು ಅದನ್ನು ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು. ನಮ್ಮ ಹಳ್ಳಿಗಳು ಅಷ್ಟು ಕಾಯಲಿಲ್ಲ. ‘ಇಲಿ ಬಿತ್ತು’ ಅಂದರೆ ಸಾಕು, ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊಲದಲ್ಲಿ ಗುಡಿಸಲು ಹಾಕುತ್ತಿತ್ತು. ಇಲಿಗೆ ಹೆದರಿ ಮನೆ ಬಿಡುವುದು ಅಲ್ಲಿಯವರೆಗೆ ನಗೆಯ ಮಾತಾಗಿತ್ತು, ಈಗ ಜೀವ ಉಳಿಸುವ ದಾರಿಯಾಯಿತು. ಎಷ್ಟೋ ಊರುಗಳಲ್ಲಿ ಪ್ಲೇಗಮ್ಮನ ಗುಡಿಗಳು ಎದ್ದವು. ಸರ್ಕಾರಕ್ಕೆ ಮಾತ್ರ ಇಲಿ ಎಂದರೆ ಇನ್ನು ಮೇಲೆ ಹಿಡಿಯಬೇಕಾದ, ಎಣಿಸಬೇಕಾದ, ಕೊಲ್ಲಬೇಕಾದ ವಸ್ತು. ಹೊರಗಿಡುವ ವಿದ್ಯೆಗಿಂತ ಕೊಲ್ಲುವ ವಿದ್ಯೆ ಮುಂದಾದದ್ದು ಹೀಗೆ. ಕರ್ನಾಟಕದಲ್ಲಿ ಪ್ಲೇಗು 1966ರವರೆಗೂ ಇತ್ತು, ಕೋಲಾರ ಜಿಲ್ಲೆಯಲ್ಲಿ.

ಪ್ಲೇಗು ಹೋಯಿತು, ಆದರೆ ಹಗೇವು ಮರಳಲಿಲ್ಲ. ಚಳ್ಳಕೆರೆಯ ಮಟ್ಟಿಗೆ ಇದರಲ್ಲಿ ಶೇಂಗಾದ ಪಾಲು ದೊಡ್ಡದು ಎಂದು ನನಗನ್ನಿಸುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಇಲ್ಲಿನ ಕೆಂಪು ಹೊಲಗಳನ್ನು ಶೇಂಗಾ ಆವರಿಸಿಕೊಂಡಿತು. ಗಿರಣಿಗಳು ಬಂದವು, ಪಟ್ಟಣಕ್ಕೆ ಎಣ್ಣೆ ನಗರಿ ಎಂಬ ಹೆಸರು ಬಂತು. ರಾಗಿ ಇಟ್ಟಂತೆ ಶೇಂಗಾವನ್ನು ನೆಲದೊಳಗೆ ಇಡಲಾಗದು. ಎಣ್ಣೆಕಾಳು, ಕಮಟು ಹಿಡಿಯುತ್ತದೆ. ಸ್ವಲ್ಪ ಪಸೆ ಸಿಕ್ಕರೂ ಬೂಷ್ಟು ಬರುತ್ತದೆ. ಅದಕ್ಕೆ ಗಾಳಿ ಬೇಕು, ಗೋಣಿಚೀಲ ಬೇಕು. ಗಾಳಿಯಾಡುವ ಗೋಣಿಚೀಲ ಎಂದರೆ ಇಲಿಗೆ ತೆರೆದ ಬಾಗಿಲು. ಮಾರುವ ಕಾಯಿ ಬೇಗ ಗಾಡಿ ಹತ್ತುತ್ತದೆ, ನಿಜ. ಕಷ್ಟವಿರುವುದು ಬಿತ್ತನೆ ಕಾಯಿಯದು. ಕಾರ್ತೀಕದ ಸುಮಾರಿಗೆ ಕಿತ್ತ ಕಾಯಿಯನ್ನು ಮುಂದಿನ ಮುಂಗಾರಿನ ತನಕ, ಏಳೆಂಟು ತಿಂಗಳು, ಮನೆಯ ಮೂಲೆಯಲ್ಲೇ ಕಾಯಬೇಕು. ಇಲಿ ಸಿಪ್ಪೆ ಬಿಡಿಸಿ ಬೀಜ ತಿಂದು ಹೋದರೆ ಚೀಲ ಹೊರಗಿನಿಂದ ತುಂಬಿದಂತೆಯೇ ಕಾಣುತ್ತದೆ, ಬಿಚ್ಚಿದ ದಿನ ಬರೀ ಹೊಟ್ಟು. ಆಗ ಬೀಜಕ್ಕೆ ಸಾಲ, ಆಮೇಲೆ ಮಳೆಗೆ ಮುಗಿಲು ನೋಡುವುದು.

ಮೊಳಕಾಲ್ಮೂರಿನಲ್ಲಿ ಕಥೆ ಮಗ್ಗದ ಗುಂಡಿಯದು. ಅಲ್ಲಿನ ರೇಷ್ಮೆ ಸೀರೆ ನೇಯುವವರ ಕಾಲು ನೆಲದೊಳಗಿನ ಗುಂಡಿಯಲ್ಲಿರುತ್ತದೆ. ರಾತ್ರಿ ಆ ಗುಂಡಿ ಯಾರದೂ ಅಲ್ಲ. ಹಾಸಿನ ನಾಲ್ಕು ಎಳೆ ತುಂಡಾದರೂ ಗಂಟುಹಾಕುತ್ತ ಕೂರಬೇಕು, ಆ ಹೊತ್ತಿಗೆ ಕೂಲಿಯಿಲ್ಲ. ಚಳ್ಳಕೆರೆಯ ಕಂಬಳಿ ನೂಲಿಗೆ ಹುಣಸೆಬೀಜದ ಗಂಜಿ ಹಾಕುತ್ತಾರೆ, ಇಲಿಗೆ ಅದೂ ಊಟವೇ. ರೇಷ್ಮೆ ಗೂಡನ್ನು ಕಡಿದು ಒಳಗಿನ ಹುಳು ತಿನ್ನುವ ಚಾಳಿಯೂ ಅದಕ್ಕಿದೆ. ಇದೇ ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಪ್ರಾಣಿಗಳ ವಿಷಯದಲ್ಲಿ ದಯೆ ದೃಢವಾಗಿರಲಿ ಎಂದು ಬರೆಸಿದ್ದಾನೆ. ಅಂಟಿನ ಹಲಗೆಯ ಮೇಲೆ ಕಿರುಗುಟ್ಟುತ್ತ ಸಾಯುವ ಚಿಟ್ಟಿಲಿಯನ್ನು ನೋಡಿದಾಗ ಹಗೇವಿನ ಕಾಲದವರು ಇದಕ್ಕಿಂತ ವಾಸಿಯಿದ್ದರು ಅನ್ನಿಸುವುದುಂಟು. ಹಾಸು ಹಾಳಾದ ನೇಕಾರನಿಗೆ ಇದನ್ನು ಹೇಳುವ ಧೈರ್ಯ ನನಗಿಲ್ಲ.

ಗಣಪತಿಯ ವಾಹನಕ್ಕೆ ಈಗ ತನ್ನದೇ ವಾಹನ ಸಿಕ್ಕಿದೆ. ಬಿತ್ತನೆ ಚೀಲ ಇಟ್ಟ ತಗಡಿನ ಚಪ್ಪರದಲ್ಲೇ ಟ್ರ್ಯಾಕ್ಟರ್ ನಿಲ್ಲುತ್ತದೆ, ಎರಡು ಹಂಗಾಮುಗಳ ನಡುವೆ ತಿಂಗಳುಗಟ್ಟಲೆ ಅಲುಗಾಡದೆ. ಚೀಲದಲ್ಲಿ ಊಟ, ಎಂಜಿನ್ನಿನ ಸಂದಿಯಲ್ಲಿ ಬಾಣಂತನ. ಇಲಿಯ ಬಾಚಿಹಲ್ಲು ಸಾಯುವ ತನಕ ಬೆಳೆಯುತ್ತದೆ, ಆದ್ದರಿಂದ ಅದು ವೈರನ್ನು ಕಡಿಯುವುದಕ್ಕೆ ಹಸಿವೇ ಬೇಕಿಲ್ಲ. ಹೊಗೆಸೊಪ್ಪು, ಕರ್ಪೂರ, ನುಸಿಗುಳಿಗೆ ಎಲ್ಲವನ್ನೂ ಜನ ಇಟ್ಟು ನೋಡುತ್ತಾರೆ. ವಾಸನೆ ನಾಲ್ಕು ದಿನಕ್ಕೆ ಆರುತ್ತದೆ, ಇಲಿಗೂ ರೂಢಿಯಾಗುತ್ತದೆ. ನಡೆಯುವುದು ಹಳೆಯ ಲೆಕ್ಕವೇ: ಕಾಳು ಒಂದು ಕಡೆ, ಗಾಡಿ ಇನ್ನೊಂದು ಕಡೆ, ವಾರಕ್ಕೊಮ್ಮೆಯಾದರೂ ಎಂಜಿನ್ನಿನ ಮುಚ್ಚಳ ಎತ್ತುವುದು, ಕಿಂಡಿಗಳಿಗೆ ಕಬ್ಬಿಣದ ಜಾಲರಿ. ಜಾಲರಿಯ ಕಣ್ಣು 6 ಮಿಲಿಮೀಟರ್‌ಗಿಂತ ಚಿಕ್ಕದಿರಬೇಕು, ಅಷ್ಟು ಜಾಗ ಸಿಕ್ಕರೂ ಚಿಟ್ಟಿಲಿ ತಲೆ ತೂರಿಸುತ್ತದೆ.