ಗೇಟಿನ ಬೋರ್ಡಿನಿಂದ ಮೊಬೈಲ್ ಪರದೆಗೆ

ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಇಂದಿಗೂ ಕಾರ್ಖಾನೆಗಳ ಗೇಟಿಗೆ ‘ಬೇಕಾಗಿದ್ದಾರೆ’ ಬೋರ್ಡು ನೇತುಹಾಕುತ್ತಾರೆ: ಟೈಲರ್, ಹೆಲ್ಪರ್, ಸಿಎನ್‌ಸಿ ಆಪರೇಟರ್. ಕೆಳಗೊಂದು ಮೊಬೈಲ್ ನಂಬರ್. ಆದರೆ ಬೋರ್ಡು ನೋಡಿ ಬಂದವನಿಗಿಂತ, ಒಳಗೆ ದುಡಿಯುವ ಊರಿನವನೊಬ್ಬ ‘ಹುಡುಗ ಒಳ್ಳೆಯವನು ಸಾರ್, ನಾನು ಹೇಳ್ತೀನಿ’ ಎಂದು ಕರೆತಂದವನಿಗೆ ಬೇಗ ಕೆಲಸ ಸಿಗುತ್ತದೆ. ವೃತ್ತಿ ಜಾಲತಾಣಗಳು ಇಷ್ಟು ವರ್ಷ ಮಾಡುತ್ತ ಬಂದದ್ದು ಈ ‘ನಾನು ಹೇಳ್ತೀನಿ’ಯನ್ನು ಯಂತ್ರಕ್ಕೆ ಕಲಿಸುವ ಪ್ರಯತ್ನವನ್ನೇ.

1997ರಲ್ಲಿ ಆರಂಭವಾದ ನೌಕರಿ ಡಾಟ್ ಕಾಮ್ ಪತ್ರಿಕೆಯ ಜಾಹೀರಾತನ್ನು ಕಂಪ್ಯೂಟರಿಗೆ ತಂದಿತು. ಯಾರಿಗೆ ಯಾರ ಪರಿಚಯವಿದೆ ಎಂಬುದನ್ನು ಬಂಡವಾಳ ಮಾಡಿಕೊಂಡದ್ದು 2003ರ ಮೇ 5ರಂದು ಶುರುವಾದ ಲಿಂಕ್ಡ್‌ಇನ್. 2009ರಲ್ಲಿ ಅದು ಭಾರತದಲ್ಲಿ ಕಚೇರಿ ತೆರೆಯಿತು. 2016ರಲ್ಲಿ ಮೈಕ್ರೋಸಾಫ್ಟ್ ಅದನ್ನು 2,620 ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿತು.

ಅಷ್ಟರಲ್ಲಿ ದೊಡ್ಡಬಳ್ಳಾಪುರವಿರುವ ಬೆಂಗಳೂರು ಗ್ರಾಮಾಂತರ ಜಿಲ್ಲೆಯೂ ಬದಲಾಗಿತ್ತು. 1998ರಲ್ಲಿ ಹೊಸಕೋಟೆ ಬಳಿ ವೋಲ್ವೊ ಟ್ರಕ್ ತಯಾರಿಕೆ ಶುರುವಾಯಿತು, 2008ರ ಮೇನಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು, ಹಿಂದೆಯೇ ಏರೋಸ್ಪೇಸ್ ಪಾರ್ಕ್ ಬಂತು. ಇಂಥ ಕಂಪನಿಗಳ ಖರೀದಿ ಅಧಿಕಾರಿ ಯಾರೆಂದು ತಿಳಿಯಲು ನೆಲಮಂಗಲದ ಸೋಂಪುರದ ಸಣ್ಣ ಮೆಷಿನ್ ಶಾಪ್ ಮಾಲೀಕ ಹಿಂದೆ ದಿನಗಟ್ಟಲೆ ಓಡಾಡಬೇಕಿತ್ತು. ಈಗ ಆ ಹೆಸರು ಲಿಂಕ್ಡ್‌ಇನ್‌ನಲ್ಲೇ ಸಿಗುತ್ತದೆ. ತಾನು ಕಡೆದ ಬಿಡಿಭಾಗದ ಫೋಟೊ, ಅದರ ಅಳತೆಯ ನಿಖರತೆ, ಗುಣಮಟ್ಟದ ಪ್ರಮಾಣಪತ್ರ ಹಾಕಿದರೆ ನೋಡುವವನಿಗೆ ಅದೇ ಪರಿಚಯಪತ್ರ.

ಇಂಗ್ಲಿಷ್ ಬಾರದವರ ಪಾಡೇನು? ಇದಕ್ಕೆ ಗಟ್ಟಿ ಉತ್ತರ ಹುಡುಕಿದ್ದು ಬೆಂಗಳೂರಿನಲ್ಲೇ. ಬಡತನದಿಂದ ಮೇಲೆದ್ದ ಕುಟುಂಬಗಳಿಗೆ ದಾರಿ ಸಿಕ್ಕಿದ್ದು ಹೆಚ್ಚಾಗಿ ನೆಂಟರು, ಗೆಳೆಯರ ಮೂಲಕ ಎಂಬುದನ್ನು ಡ್ಯೂಕ್ ವಿಶ್ವವಿದ್ಯಾಲಯದ ಅನಿರುದ್ಧ ಕೃಷ್ಣ ತಮ್ಮ ಅಧ್ಯಯನದಲ್ಲಿ ಗುರುತಿಸಿದ್ದರು. ಅದನ್ನು ಓದಿದ ಮೈಕ್ರೋಸಾಫ್ಟ್ ರಿಸರ್ಚ್‌ನ ಶಾನ್ ಬ್ಲಾಗ್ಸ್‌ವೆಟ್ 2007ರಲ್ಲಿ ಬಾಬಾಜಾಬ್ ಕಟ್ಟಿದರು. ಮನೆಗೆಲಸದವರು, ಡ್ರೈವರುಗಳು, ಅಡುಗೆಯವರಿಗಾಗಿ ಮಾಡಿದ ಜಾಲ ಅದು. ಕೆಲಸದವರನ್ನೂ ಮಾಲೀಕರನ್ನೂ ಬೆಸೆದ ಪರಿಚಯಸ್ಥರಿಗೆ ಸಣ್ಣ ಮೊತ್ತದ ಇನಾಮು! ಕಂಪ್ಯೂಟರ್ ಮುಟ್ಟದವರಿಗಾಗಿ ಆಮೇಲೆ ಮಿಸ್ಡ್ ಕಾಲ್, ಧ್ವನಿ ಸೇವೆಗಳೂ ಬಂದವು. 2017ರಲ್ಲಿ ಜಾಹೀರಾತು ಜಾಲತಾಣ ಕ್ವಿಕರ್ ಬಾಬಾಜಾಬ್ ಅನ್ನು ಕೊಂಡುಕೊಂಡಿತು. ಬಾಯಿಮಾತಿಗೂ ಬೆಲೆಯಿದೆ ಎಂದು ಒಪ್ಪಿಕೊಂಡ ಆ ಯೋಚನೆಗೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ.

2019ರಲ್ಲಿ ಬಂದ ಅಪ್ನಾ ಆ್ಯಪ್ ಅದೇ ವರ್ಗದವರನ್ನು ಸ್ಮಾರ್ಟ್‌ಫೋನಿನಲ್ಲಿ ತಲುಪಿತು. ರಾಜ್ಯ ಸರ್ಕಾರದ ಸ್ಕಿಲ್ ಕನೆಕ್ಟ್ ಪೋರ್ಟಲ್‌ನಲ್ಲೂ ಅಭ್ಯರ್ಥಿಗಳು, ಕಂಪನಿಗಳು ನೋಂದಾಯಿಸಿಕೊಳ್ಳಬಹುದು. ದೊಡ್ಡಬಳ್ಳಾಪುರದ ನೇಕಾರರಿಗೆ ಮಾತ್ರ ವಾಟ್ಸಾಪ್ಪೇ ವೃತ್ತಿಜಾಲ. ಮಗ್ಗದಿಂದ ಇಳಿದ ಸೀರೆಯ ಸೆರಗನ್ನು ಬಾಗಿಲ ಬೆಳಕಿಗೆ ಹಿಡಿದು ಫೋಟೊ ತೆಗೆದು ಚಿಕ್ಕಪೇಟೆಯ ವ್ಯಾಪಾರಿಗೆ ಕಳಿಸಿದರಾಯಿತು. ‘ಇದೇ ಡಿಸೈನು, ಹಸಿರು ಅಂಚು’ ಎಂಬ ಉತ್ತರವೇ ಆರ್ಡರು.

ಈ ಹಾದಿಯಲ್ಲಿ ಮೋಸವೂ ಬೆಳೆದಿದೆ. ವಿಮಾನ ನಿಲ್ದಾಣದಲ್ಲಿ ಕೆಲಸವೆಂದು ನಂಬಿಸಿ ‘ರಿಜಿಸ್ಟ್ರೇಷನ್ ಫೀಸು’, ‘ಯೂನಿಫಾರ್ಮ್ ಡಿಪಾಸಿಟ್’ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬಾರದು. ಕೆಲಸ ಕೊಡುವವರು ಸಂಬಳ ಕೊಡುತ್ತಾರೆ, ದುಡ್ಡು ಕೇಳುವುದಿಲ್ಲ.

ಐಟಿಐ ಮುಗಿಸಿದ ಹುಡುಗ ಹುಡುಗಿಯರಿಗೆ ಇಂದು ಬೇಕಾಗಿರುವುದು ಇಂಗ್ಲಿಷ್ ರೆಸ್ಯೂಮೆಗಿಂತ ಹೆಚ್ಚಾಗಿ ಕೈಕೆಲಸ ತೋರಿಸುವ ಜಾಗ. ಲೇತ್ ಮುಂದೆ ನಿಂತು, ಮೈಕ್ರೋಮೀಟರ್ ಹಿಡಿದು, ತಾನು ಕಡೆದ ಶಾಫ್ಟಿನ ಅಳತೆಯನ್ನು ಕನ್ನಡದಲ್ಲೇ ಹೇಳುವ ಅರ್ಧ ನಿಮಿಷದ ವಿಡಿಯೊವನ್ನು ಹೊಸಕೋಟೆಯ ಯಾವ ಸೂಪರ್‌ವೈಸರ್ ಬೇಕಾದರೂ ಅರ್ಥಮಾಡಿಕೊಳ್ಳುತ್ತಾನೆ.